ಬಾವಿಕಟ್ಟೆಯ ಗೀರು

ನಾರಿನ ಹಗ್ಗವೊಂದು ಪಟ್ಟುಬಿಡದೆ ಉಜ್ಜಿ ಉಜ್ಜಿ ಬಾವಿಕಟ್ಟೆಯ ಕಲ್ಲನ್ನೇ ಸವೆಸಿತೆಂದು ಅಜ್ಜಿ ಹೇಳುತ್ತಿದ್ದರು. ಅದು ಒಂದೇ ಹಗ್ಗದ ಕೆಲಸವೇ ಎಂಬ ಸಂದೇಹ ನನಗೆ ಅಂದೇ ಇತ್ತು. ನನಗೆ ತೋರುವಂತೆ ನಡೆದದ್ದು ಹೀಗೆ.

ಬಾವಿಗೆ ಬಂದ ಮೊದಲ ದಿನವೇ ಹೊಸ ಹಗ್ಗವೊಂದು ಕಲ್ಲಿಗೆ ಹೇಳಿತು: “ನಿನ್ನ ಮೇಲೆ ನನ್ನದೇ ಗೀರು ಮೂಡಬೇಕು. ಈ ಹಳೆಯ ಗೀರಿನಲ್ಲಿ ನಾನು ಓಡಲಾರೆ.”

“ಓಹೋ, ನಿನ್ನೆ ಹೊಸೆದ ಹಗ್ಗ ಇಂದೇ ಹೆಸರು ಕೊರೆಯಲು ಬಂದಿತೋ! ಆಗಲಿ, ನೋಡೋಣ,” ಎಂದಿತು ಕಲ್ಲು.

ಹಗ್ಗ ಗೀರಿನ ಪಕ್ಕದಲ್ಲಿ ಓಡಿತು, ಅತ್ತಿತ್ತ ಜಾರಿತು. ಕೊಡ ಬಾವಿಯ ಗೋಡೆಗೆ ಬಡಿದು ಅರ್ಧ ನೀರು ಚೆಲ್ಲಿತು. ಸಂಜೆಯೊಳಗೆ ಹಗ್ಗದ ಎರಡು ಎಳೆಗಳು ಕಿತ್ತುಹೋಗಿದ್ದವು. ನೀರು ಸೇದುತ್ತಿದ್ದ ಸಾತಮ್ಮ ಗೊಣಗಿದಳು: “ನಾಳೆಯೂ ಹೀಗೇ ಆದರೆ ಇದನ್ನು ಎಮ್ಮೆ ಕಟ್ಟಲು ಹಾಕುತ್ತೇನೆ.”

ಹಗ್ಗಕ್ಕೆ ದಿಗಿಲಾಯಿತು. “ಆ ಹಳೆಯ ಗೀರು ಯಾರದು?” ಎಂದು ಕಲ್ಲನ್ನು ಮೆಲ್ಲನೆ ಕೇಳಿತು.

“ನಿನಗಿಂತ ಮೊದಲು ಬಂದ ಹಗ್ಗಗಳದು. ಅವುಗಳಲ್ಲಿ ಒಂದೂ ಗೀರಿಗಾಗಿ ಬಂದಿರಲಿಲ್ಲ, ಮಗೂ. ನೀರು ಮೇಲೆ ಬರಲೆಂದು ಓಡಿದವು, ಗೀರು ತಾನಾಗಿ ಬಿತ್ತು.”

ಮರುದಿನ ಹಗ್ಗ ಹಳೆಯ ಗೀರಿಗೇ ಇಳಿಯಿತು. ಕೊಡ ತುಂಬಿಕೊಂಡೇ ಮೇಲೆ ಬಂತು. ಸಾತಮ್ಮ ಎಮ್ಮೆಗೆ ಬೇರೆ ಹಗ್ಗ ಹುಡುಕಿದಳು.

ಕಳೆದ ವರ್ಷ ಅಜ್ಜಿಯ ಊರಿನ ಬಾವಿಗೆ ಹೋಗಿ ಅಳೆದು ನೋಡಿದೆ. ಗೀರಿನ ಆಳ ಎರಡು ಬೆರಳು. ಒಂದು ಹಗ್ಗ ಎಷ್ಟು ಕಾಲ ಬಾಳುತ್ತದೆಂದು ನೀರು ಸೇದುತ್ತಿದ್ದವರನ್ನು ಕೇಳಿದೆ. “ಒಂದೂವರೆ ವರ್ಷ ಬಂದರೆ ಹೆಚ್ಚು ಕಣವ್ವಾ,” ಎಂದರು.