ಲಾಳ ಕಿತ್ತ ಹನ್ನೆರಡು ಮಂದಿ

"ಕೇಳಿರಪ್ಪೋ ಕೇಳಿ! ದಂಡು ಹೊರಡುವ ದಿನವೇ ಮುನ್ನೂರು ಕುದುರೆಗಳ ಲಾಳ ಕಿತ್ತ ಹನ್ನೆರಡು ಲಾಳಗಾರರ ವಿಚಾರಣೆ ನಾಳೆ ಬೆಳಿಗ್ಗೆ ಅರಮನೆಯಲ್ಲಿ! ಪದ್ಧತಿಯಂತೆ ಮುತ್ತಾತ ಮಹಾರಾಜರ ಮೂರು ಒಗಟು ಕೇಳಲಾಗುವುದು. ಒಂದು ಉಳಿದರೂ ಹನ್ನೆರಡು ಮಂದಿಗೂ ಶೂಲ! ಮೂರೂ ಬಿಡಿಸಿದ್ದಾದರೆ, ಕೊನೆಯದನ್ನು ಬಿಡಿಸಿದವರದೇ ತೀರ್ಪು!"

ಕಲ್ಲುಗಡದ ಬೀದಿಬೀದಿಯಲ್ಲಿ ಹೀಗೆ ಡಂಗುರ ಸಾರಿದರು. ಯುದ್ಧ ಯಾಕೆ ಅಂತೀರಾ? ಪಕ್ಕದ ಸೀಮೆಯ ರಾಜ ತನ್ನ ಆನೆಗೆ ನಮ್ಮ ರಾಜ ರಣಧವಳನ ಹೆಸರಿಟ್ಟಿದ್ದ. ಅಷ್ಟಕ್ಕೇ ಮುನ್ನೂರು ಸವಾರರು ಸಾಯಲು ಹೊರಡಬೇಕಿತ್ತು. ಲಾಳಗಾರರು ಹೊಸ ಲಾಳ ಹೊಡೆಯುತ್ತಾರೆಂದು ನಂಬಿ ಸವಾರರೇ ಕುದುರೆ ಹಿಡಿದುಕೊಟ್ಟರು. ಬಿಸಿಲೇರುವಷ್ಟರಲ್ಲಿ ಲಾಳಗಳೆಲ್ಲ ಅರಮನೆಯ ಬಾಗಿಲಲ್ಲಿ ರಾಶಿ ಬಿದ್ದಿದ್ದವು. ಕಿತ್ತವರು ಓಡಿಹೋಗದೆ ರಾಶಿಯ ಪಕ್ಕದಲ್ಲೇ ಕೂತಿದ್ದರು.

ಮರುದಿನ ಸಭೆ ತುಂಬಿತು. ರಾಜದ್ರೋಹದ ವಿಚಾರಣೆಗೆಂದೇ ಇಟ್ಟಿದ್ದ ಮುತ್ತಾತನ ಓಲೆಕಟ್ಟನ್ನು ಮೂರು ತಲೆಮಾರಿನಿಂದ ಯಾರೂ ಬಿಚ್ಚಿರಲಿಲ್ಲ. ಒಳಗೇನಿದೆ ಎಂದು ರಾಜನಿಗೂ ಗೊತ್ತಿರಲಿಲ್ಲ. ಮುದಿ ಕರಣಿಕ ನಂಜಯ್ಯ ಅದರ ಅರಗು ಒಡೆದು, ಮೊದಲು ನಿಯಮ ಓದಿದ. "ಮಾನವಂತರು ಮೊದಲು ಹೇಳತಕ್ಕದ್ದು. ತಪ್ಪಿದವರು ಸಭೆ ಮುಗಿಯುವ ತನಕ ಬಾಯಿ ಬಿಡಕೂಡದು. ಆರೋಪಿಗಳು ಆಮೇಲೆ ಹೇಳಬಹುದು. ತಪ್ಪಿದರೆ ಅವರೆಲ್ಲರಿಗೂ ಶೂಲ."

ಆಮೇಲೆ ಮೊದಲ ಒಗಟು ಬಂತು. "ಯುದ್ಧ ಮುಗಿದ ಮೇಲೆ ಗೆದ್ದ ಊರಿಗೂ ಸೋತ ಊರಿಗೂ ಒಬ್ಬನೇ ಅತಿಥಿ ಬರುತ್ತಾನೆ. ಅವನು ಬಂದ ಮನೆಯಲ್ಲಿ ಅಂದು ಒಲೆ ಉರಿಯುವುದಿಲ್ಲ. ಯಾರವನು?"

ದಳವಾಯಿ ಮೀಸೆ ತಿರುವುತ್ತ ಎದ್ದ. "ವಿಜಯ! ಗೆದ್ದ ಊರಿಗೆಲ್ಲ ಅರಮನೆಯಲ್ಲೇ ಊಟ, ಅದಕ್ಕೆ ಒಲೆ ಉರಿಯೋದಿಲ್ಲ. ಸೋತವರು ಹೆದರಿಕೆಯಿಂದ ಒಲೆ ಹಚ್ಚೋದಿಲ್ಲ."

ರಾಜ ತಲೆದೂಗಿದ. ನಂಜಯ್ಯ ಓಲೆ ನೋಡಿ, "ತಪ್ಪು" ಅಂದ. ದಳವಾಯಿ ಬಾಯಿ ಮುಚ್ಚಿ ಕೂತ.

ಆರೋಪಿಗಳ ಸಾಲಿನಿಂದ ಸಣ್ಣೀರ ಎದ್ದ. ಹನ್ನೆರಡು ಮಂದಿಯಲ್ಲಿ ಕಿರಿಯ, ಮೊಣಕಾಲಿನ ತನಕ ಪಂಚೆ, ಕೈಯಲ್ಲಿ ಬೇಡಿ. ಬೇರೆಯವರು ಬೇಡವೆಂದು ಅವನ ಪಂಚೆ ಎಳೆದರು. ಸುಮ್ಮನಿದ್ದರೂ ಶೂಲವೇ ತಾನೆ? ಅವನು ಕೂರಲಿಲ್ಲ.

"ಸಾವು, ಬುದ್ಧಿ. ಹೋದ ಯುದ್ಧ ಗೆದ್ವಿ ಅಂತ ನೀವು ದೀಪ ಹಚ್ಚಿಸಿದ್ರಿ. ನಮ್ಮ ಕೇರೀಲಿ ಒಂದು ಒಲೇನೂ ಉರೀಲಿಲ್ಲ."

"ಸರಿ" ಅಂದ ನಂಜಯ್ಯ. ರಾಜ ಆಸನದಲ್ಲಿ ಸರಿದು ಕೂತ.

ಎರಡನೆಯ ಒಗಟು ಬಂತು. "ಹೋಗುವಾಗ ಭಾರ, ಬರುವಾಗ ಹಗುರ. ಅದು ಹಗುರಾಗಿ ಬಂದಷ್ಟೂ ಕಂಡವರ ಎದೆ ಭಾರ. ಏನದು?"

ಆಸ್ಥಾನಕವಿಗೆ ತಡೆಯಲಾಗಲಿಲ್ಲ. "ಪ್ರಭುಗಳ ಬತ್ತಳಿಕೆ! ಬಾಣವೆಲ್ಲ ಖಾಲಿಯಾಗಿ ಹಗುರ. ಅದನ್ನು ಕಂಡ ಶತ್ರುಗಳ ಎದೆ ಭಾರ!"

ಚಪ್ಪಾಳೆ ಬಿತ್ತು, ಆದರೆ ಓಲೆ ಒಪ್ಪಲಿಲ್ಲ. ಸಣ್ಣೀರ ಒಂದು ಹೆಜ್ಜೆ ಮುಂದೆ ಬಂದ.

"ಸವಾರನಿಲ್ಲದ ಕುದುರೆ, ಬುದ್ಧಿ. ಹೋದ ಸಲ ನಲವತ್ತು ಹಾಗೆ ಬಂದ್ವು. ಸವೆದ ಲಾಳ ನಾನೇ ತೆಗೆದೆ. ಒಂದರ ಮೇಲೆ ನಮ್ಮಣ್ಣ ದೊಡ್ಡೀರ ಹೋಗಿದ್ದ. ಯುದ್ಧಕ್ಕೆ ಅಂತ ಆ ಕುದುರೆಗೆ ಲಾಳ ಹೊಡೆದವನೂ ನಾನೇ."

"ಸರಿ" ಅಂದ ನಂಜಯ್ಯ. ಅವನ ದನಿ ಕುಗ್ಗಿತ್ತು.

ಮೂರನೆಯ ಓಲೆ ಓದುವ ಮುಂಚೆ ಮುದುಕ ರಾಜನ ಮುಖ ನೋಡಿದ. "ರಾಜ ಅದನ್ನು ತೆಗೆದುಕೊಳ್ಳಬಲ್ಲ, ಹಿಂದಕ್ಕೆ ಕೊಡಲಾರ. ಏನದು?"

ಸಭೆಯಲ್ಲಿ ಉತ್ತರ ಗೊತ್ತಿಲ್ಲದವರು ಒಬ್ಬರೂ ಇರಲಿಲ್ಲ. ಕಷ್ಟವಿದ್ದದ್ದು ಬಿಡಿಸುವುದರಲ್ಲಲ್ಲ, ಬಾಯಿಬಿಟ್ಟು ಹೇಳುವುದರಲ್ಲಿ. ಕಡೆಗೆ ರಾಜಪುರೋಹಿತ ಕೈಮುಗಿದು ಎದ್ದ. "ಅಂಥದ್ದು ಯಾವುದೂ ಇಲ್ಲ ಪ್ರಭು. ತಾವು ತೆಗೆದುಕೊಂಡಿದ್ದನ್ನೆಲ್ಲ ಕೊಡಬಲ್ಲಿರಿ."

"ಕೊಡ್ತೀರಾ ಬುದ್ಧಿ?" ಎಂದು ಸಣ್ಣೀರ ನೇರವಾಗಿ ರಾಜನನ್ನೇ ಕೇಳಿದ. "ಹಾಗಾದ್ರೆ ನಮ್ಮಣ್ಣನ್ನ ಕೊಡಿ. ಅವನು ಆ ಬಾಗಿಲಿಂದ ಒಳಗೆ ಬರಲಿ. ಮುನ್ನೂರು ಕುದುರೆಗೂ ಇವತ್ತೇ ನಾನೊಬ್ಬನೇ ಲಾಳ ಹೊಡೀತೀನಿ."

ಸಭೆಯೆಲ್ಲ ಬಾಗಿಲ ಕಡೆ ತಿರುಗಿತು. ರಾಜನೂ ತಿರುಗಿದ. ಅಲ್ಲಿ ಯಾರೂ ಇರಲಿಲ್ಲ.

"ಕೊಡೋಕಾಗಲ್ಲ. ಯಾಕಂದ್ರೆ ಅದು ಜೀವ" ಅಂದ ಸಣ್ಣೀರ.

"ಸರಿ" ಎಂದ ನಂಜಯ್ಯ, ಓಲೆಯ ಕೊನೆಯ ಸಾಲನ್ನೂ ಜೋರಾಗಿ ಓದಿದ. "ಮೂರು ಮಕ್ಕಳನ್ನು ಯುದ್ಧಕ್ಕೆ ಕಳಿಸಿ, ಅವರಲ್ಲಿ ಒಬ್ಬನೇ ಹಿಂದಿರುಗಿದ ಮೇಲೆ ಇದನ್ನು ಬರೆದಿದ್ದೇನೆ. ಇದನ್ನು ನನ್ನೆದುರು ಹೇಳುವವನು ಆಗ ನನಗೆ ಸಿಕ್ಕಲಿಲ್ಲ."

ಇನ್ನು ತೀರ್ಪು ಸಣ್ಣೀರನದು. "ನಾವು ಹನ್ನೆರಡು ಜನಾನೂ ಮನೆಗೆ ಹೋಗ್ತೀವಿ. ಯುದ್ಧ ಬೇಕು ಅನ್ನೋರು ತಮ್ಮ ಕುದುರೆಗೆ ತಾವೇ ಲಾಳ ಹೊಡ್ಕೊಳ್ಳಲಿ."

ದಳವಾಯಿ ಸಿಟ್ಟಿನಿಂದ ಅಂಗಳಕ್ಕಿಳಿದು ಸುತ್ತಿಗೆ ಎತ್ತಿಕೊಂಡು ತನ್ನ ಕುದುರೆಯ ಕಾಲು ಹಿಡಿದ. ಕುದುರೆ ಒಂದೇ ಒಂದು ಸಲ ಒದೆಯಿತು. ಸಭೆ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಪಾಪ, ಅವನು ಕಿರುಚುವಂತೆಯೂ ಇರಲಿಲ್ಲ.

ರಾಜ ಬೇಡಿ ಬಿಚ್ಚಿಸಿದ. "ಬಹುಮಾನ ಏನು ಬೇಕು?"

"ಅಣ್ಣನ ಕುದುರೆ, ಬುದ್ಧಿ."

"ಕೊಟ್ಟೆ. ನಾಳೆ ನಾನು ಮತ್ತೆ ದಂಡು ಹೊರಡಿಸಿದರೆ?"

"ಮತ್ತೆ ಕೀಳ್ತೀವಿ. ಮೊಳೆ ಬಿಗಿಯಾಗಿದ್ರೆ ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತೆ, ಅಷ್ಟೆ."

ಸಣ್ಣೀರ ಉಳಿದ ಹನ್ನೊಂದು ಮಂದಿಯ ಜೊತೆ ಕುದುರೆಯನ್ನು ಲಾಳವಿಲ್ಲದ ಬರಿಗಾಲಲ್ಲೇ ನಡೆಸಿಕೊಂಡು ಹೋಗಿ ಅತ್ತಿಗೆಯ ಬಾಗಿಲಲ್ಲಿ ಕಟ್ಟಿದ. ಅವಳು ಅದರ ಕುತ್ತಿಗೆ ತಬ್ಬಿಕೊಂಡು ಅತ್ತಳು, ಆಮೇಲೆ ಒಳಗೆ ಹೋಗಿ ಹನ್ನೆರಡು ಮಂದಿಗೂ ಒಲೆ ಹಚ್ಚಿದಳು. ಆ ವರ್ಷ ಕಲ್ಲುಗಡದಿಂದ ದಂಡು ಹೊರಡಲಿಲ್ಲ. ಪಕ್ಕದ ಸೀಮೆಯ ಆನೆ ರಣಧವಳ ಕಬ್ಬು ತಿಂದುಕೊಂಡು ಬಹಳ ಕಾಲ ಬದುಕಿತು. ಮುನ್ನೂರು ಸವಾರರೂ ಬದುಕಿದರು.