ಏನೂ ಹರಿಯದ ಕೊಳವೆ

"ಅಜ್ಜಾರ, ನಾ ಏನ್ ಕಡಿಮಿ ಮಾಡೇನ್ರಿ?" ಎಂದು ಗಿರಿಮಲ್ಲ ಕೇಳಿದ.

ಮಠದ ಕಟ್ಟೆಯ ಮೇಲೆ ಅವನು ಬಂದು ಕೂತು ಆಗಲೇ ಒಂದು ತಾಸಾಗಿತ್ತು. ಹೆಂಡತಿ ನೀಲವ್ವ ತವರಿಗೆ ಹೋಗಿ ಹದಿನೈದು ದಿನ. ಮೂರು ತಿಂಗಳ ಹಿಂದೆ ಅವಳ ತಂದೆ ಅವಳ ಕಣ್ಣೆದುರಿಗೇ ತೀರಿಕೊಂಡಿದ್ದರು. ಆಮೇಲೂ ಗಿರಿಮಲ್ಲ ಮನೆಗೆ ಕಾಳುಕಡಿ, ಹಾಲು, ಸೋಪು ಒಂದನ್ನೂ ತಪ್ಪಿಸಿದವನಲ್ಲ. ಆದರೂ ಹೊರಡುವಾಗ ಅವಳು, "ಈ ಮನ್ಯಾಗ ನನಗ ಉಸಿರು ಕಟ್ಟತೈತಿ, ಇನ್ನ ಬರಂಗಿಲ್ಲ" ಅಂದಿದ್ದಳು. ಅವತ್ತಿನಿಂದ ಅವನಿಗೆ ಉಂಡ ಅನ್ನ ಮೈಗೆ ಹತ್ತಿರಲಿಲ್ಲ. ಅವಳೆಂದರೆ ಅವನಿಗೆ ಅಷ್ಟು ಜೀವ.

"ಮೊದ್ಲ ಹೆಂಗ ನೋಡಿಕೊಂಡಿದ್ನೋ ಈಗೂ ಹಂಗ ನೋಡಿಕೊಂಡೇನ್ರಿ. ಕೂದಲಷ್ಟೂ ಫರಕ್ ಮಾಡಿಲ್ಲ."

ಮಠದ ಸ್ವಾಮಿಗಳಾದ ಅಜ್ಜನವರು ನಕ್ಕರು. ಕಾವಿ ಉಡುವ ಮೊದಲು ಅವರು ಇಪ್ಪತ್ತು ವರ್ಷ ಗ್ಯಾರೇಜಿನಲ್ಲಿ ಗ್ರೀಸು ಬಳಿದುಕೊಂಡವರು. ಉಳಿದ ಸ್ವಾಮಿಗಳು ಪುರಾಣ ಬಿಚ್ಚಿದರೆ ನಮ್ಮವರು ಎಂಜಿನ್ ಬಿಚ್ಚುತ್ತಾರೆ ಎಂದು ಭಕ್ತರು ಪ್ರೀತಿಯಿಂದ ಆಡಿಕೊಳ್ಳುತ್ತಿದ್ದರು. ಈಗಲೂ ಅದೇ ಆಯಿತು.

ಒಬ್ಬ ಡ್ರೈವರ್ ಇದ್ದ. ಅವನಿಗೊಂದು ಹಳೆಯ ಕಾರು. ಘಾಟಿ ಏರುವಾಗ ಅದು ಏದುಸಿರು ಬಿಡುವುದನ್ನು ನೋಡಲಾರದೆ ಒಬ್ಬ ಮೇಸ್ತ್ರಿಯ ಹತ್ತಿರ ಒಯ್ದು ಟರ್ಬೊ ಕೂಡಿಸಿದ. ಟರ್ಬೊ ಎಂದರೆ ಗಾಳಿಯನ್ನು ಒತ್ತಿ ಒತ್ತಿ, ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬೊರೇಟರಿನ ಮೂಲಕ ಎಂಜಿನ್ನಿಗೆ ತುಂಬುವ ಚಕ್ರ. ಪೆಟ್ರೋಲಿನ ಒತ್ತಡವನ್ನು ಹಿಡಿತದಲ್ಲಿಡಲು ಒಂದು ರೆಗ್ಯುಲೇಟರ್ ಇತ್ತು. ಮೇಸ್ತ್ರಿ ಕಾರ್ಬೊರೇಟರಿನಿಂದ ಆ ರೆಗ್ಯುಲೇಟರಿಗೆ ಕಿರುಬೆರಳಿಗಿಂತ ಸಣ್ಣದೊಂದು ರಬ್ಬರ್ ಕೊಳವೆ ಜೋಡಿಸಿಕೊಟ್ಟ.

ಡ್ರೈವರ್ ಅಚ್ಚುಕಟ್ಟಿನ ಮನುಷ್ಯ. ಒಂದು ದಿನ ಬಾನೆಟ್ ಎತ್ತಿ ಒರೆಸುವಾಗ ಆ ಕೊಳವೆ ಕಣ್ಣಿಗೆ ಬಿತ್ತು. ಕಿತ್ತು ನೋಡಿದ. ಪೆಟ್ರೋಲಿಲ್ಲ, ಆಯಿಲಿಲ್ಲ, ನೀರಿಲ್ಲ. ಬರೀ ಖಾಲಿ. ಊಟಕ್ಕುಂಟು, ಕೆಲಸಕ್ಕಿಲ್ಲ ಎಂದು ಬೈದು ಅದನ್ನು ಎಸೆದು, ಕಾರ್ಬೊರೇಟರಿನ ತೂತಿಗೆ ಒಂದು ಸ್ಕ್ರೂ ಜಡಿದ.

ಬಯಲಿನಲ್ಲಿ ಕಾರು ಚೆನ್ನಾಗಿಯೇ ಓಡಿತು. ಒಂದು ತಿಂಗಳು ಓಡಿತು. ಡ್ರೈವರ್ ಮೀಸೆ ತಿರುವಿದ. ಆಮೇಲೆ ಘಾಟಿ ಬಂತು. ಅರ್ಧ ಏರುವಷ್ಟರಲ್ಲಿ ಎಂಜಿನ್ ಕಟಕಟನೆ ಬಡಿದುಕೊಂಡಿತು. ಅವನು ಕಾಲನ್ನು ಇನ್ನಷ್ಟು ಒತ್ತಿದ. ಪಿಸ್ಟನ್ ಕರಗಿ ಕಾರು ನಡುದಾರಿಯಲ್ಲಿ ನಿಂತೇಬಿಟ್ಟಿತು.

ಲಾರಿಗೆ ಕಟ್ಟಿ ಎಳೆಸಿಕೊಂಡು ಬಂದ ಡ್ರೈವರ್ ಮೇಸ್ತ್ರಿಯ ಮುಂದೆ ಅತ್ತೇಬಿಟ್ಟ. "ಟ್ಯಾಂಕ್ ತುಂಬಿತ್ತು. ಪಂಪ್ ಚಲೋ ಇತ್ತು. ಪೆಟ್ರೋಲಿನ ಒತ್ತಡ ಮೊದ್ಲಿನಂಗ ಮೂರು ಪೌಂಡ್ ಇತ್ತು. ಮತ್ಯಾಕ ಸುಟ್ಟಿತು?"

"ಮೊದ್ಲಿನಂಗ ಇತ್ತಲ್ಲ, ಅದಕ್ಕ ಸುಟ್ಟಿತು" ಎಂದ ಮೇಸ್ತ್ರಿ. "ಏರಿನ್ಯಾಗ ಒಳಗ ಗಾಳಿ ಎಂಟು ಪೌಂಡ್ ಒತ್ತತಿತ್ತು. ನಿನ್ನ ಮೂರು ಪೌಂಡ್ ಪೆಟ್ರೋಲು ಬಾಗಲತನಕ ಬಂದು ಒಳಗ ಹೋಗಲಾರದ ನಿಂತಿತ್ತು. ಪೆಟ್ರೋಲು ಸಾಲದ ಎಂಜಿನ್ ಕಾದು ಸುಟ್ಟಿತು. ಗಾಳಿ ಎಂಟಾದ್ರ ಪೆಟ್ರೋಲು ಹನ್ನೊಂದಾಗಬೇಕು."

"ಹಂಗಿದ್ರ ಮೊದ್ಲಿಂದನ ಹನ್ನೊಂದಕ್ಕ ಇಟ್ಟುಬಿಡು."

"ಬಯಲಾಗ ಪೆಟ್ರೋಲ್ ಉಕ್ಕಿ ಎಂಜಿನ್ ಬಂದ್ ಬೀಳ್ತೈತಿ. ಗಾಳಿ ಏರಿದಂಗ ಏರಬೇಕು, ಇಳಿದಂಗ ಇಳೀಬೇಕು, ಯಾವಾಗ್ಲೂ ಅದಕ್ಕಿಂತ ಒಂಚೂರು ಮ್ಯಾಲ ಇರಬೇಕು. ಒಳಗ ಎಷ್ಟು ಒತ್ತಡ ಐತಿ ಅಂತ ತಿಳಿಸಾಕ ಆ ಕೊಳವಿ ಹಾಕಿದ್ದೆ. ಅದರಾಗ ಏನೂ ಹರಿಯಂಗಿಲ್ಲೋ ಮಾರಾಯ. ಬರೇ ಸುದ್ದಿ ಹೋಗ್ತೈತಿ."

ಅಜ್ಜನವರು ಅಲ್ಲಿಗೆ ನಿಲ್ಲಿಸಿದರು. ಗಿರಿಮಲ್ಲನಿಗೆ ಡ್ರೈವರನ ಮೇಲೆ ಮರುಕ ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಅಷ್ಟು ಪ್ರೀತಿಯ ಕಾರನ್ನು ಕೈಯಾರೆ ಸುಟ್ಟುಕೊಂಡನಲ್ಲ!

"ಕೀಳೂಕಿಂತ ಮೊದ್ಲ ಒಂದು ಮಾತು ಕೇಳಬೇಕಿತ್ತಲ್ರಿ ಅಂವಾ" ಎಂದ.

"ಕೇಳಬೇಕಿತ್ತು" ಎಂದರು ಅಜ್ಜನವರು. ಅವರ ದನಿ ಮೆತ್ತಗಾಯಿತು. ಗಿರಿಮಲ್ಲನ ಹೆಗಲ ಮೇಲೆ ಕೈಯಿಟ್ಟರು.

"ನಿಮ್ಮ ಮಾವ ಕಡೀ ಗಳಿಗ್ಯಾಗ ನೀಲವ್ವಗ ಏನಂದಿದ್ರಪ್ಪಾ?"

ಗಿರಿಮಲ್ಲನಿಗೆ ಗೊತ್ತಿರಲಿಲ್ಲ. ಈ ಮೂರು ತಿಂಗಳಲ್ಲಿ ಅವನು ಅವಳನ್ನು ಒಮ್ಮೆಯೂ ಕೇಳಿರಲಿಲ್ಲ.