ಹರಿಕಾರನ ಮಣೆ

ಒತ್ತೊತ್ತಾಗಿ ಕೂತ್ಕೊಳ್ಳಿ. ಹೆದರೋರು ಈಗಲೇ ಎದ್ದು ಹೋಗಿ. ನಡುವೆ ಎದ್ದರೆ ನನಗೆ ಕೋಪ ಬರುತ್ತೆ, ಹೇಳಿಬಿಟ್ಟಿದ್ದೀನಿ.

ಒಂದು ಸೀಮೆ. ಆ ಸೀಮೆಗೆ ಒಬ್ಬ ರಾಜ. ಆ ರಾಜನಿಗೆ ಒಬ್ಬ ಹರಿಕಾರ. ಹರಿಕಾರ ಅಂದರೆ ರಾಜನ ಮಾತನ್ನು ಬಾಯಲ್ಲಿ ಹೊತ್ತುಕೊಂಡು ಊರೂರು ಓಡುವವನು. ಇವನ ಹೆಸರು ಚೆಲುವಯ್ಯ. ಹೆಸರಷ್ಟೇ ಚೆಲುವು, ಮುಖ ಬಿಸಿಲಿಗೆ ಸುಟ್ಟು ಕರಕಲಾಗಿತ್ತು. ಮೀಸೆ ಮೂಡುವ ಮೊದಲೇ ಓಡೋಕೆ ಶುರು ಮಾಡಿದವನು, ಮೀಸೆ ನರೆಯೋಕೆ ಹತ್ತಿದರೂ ಓಡುತ್ತಲೇ ಇದ್ದ.

ರಾಜನ ಮಾತು ಅಂದರೆ ದೊಡ್ಡ ಮಾತು ಅಂದುಕೊಂಡಿರಾ? ಮೂಡಲ ಸೀಮೆ ರಾಜನಿಗೆ ಹೋಗಿ "ನಿಮ್ಮಲ್ಲಿ ಮಳೆ ಹೇಗಿದೆ" ಅಂತ ಕೇಳಬೇಕು. ತೆಂಕಲ ಸೀಮೆ ರಾಜನಿಗೆ ಹೋಗಿ "ನಮ್ಮ ಆನೆ ಮರಿ ಹಾಕಿತು" ಅಂತ ಹೇಳಬೇಕು. ಇಷ್ಟಕ್ಕೆ ಒಬ್ಬ ಮನುಷ್ಯ ಕಾಡು, ಹೊಳೆ, ಗುಡ್ಡ ದಾಟಬೇಕು. ಒಂದು ಕಡೆಯಿಂದ ಬಂದು ಕಾಲು ತೊಳೆಯೋ ಹೊತ್ತಿಗೆ ಇನ್ನೊಂದು ಕಡೆಗೆ ಕರೆ ಬರುತ್ತಿತ್ತು.

ಚೆಲುವಯ್ಯನಿಗೆ ಹೆಂಡತಿ ದ್ಯಾವಮ್ಮ. ಮಗಳು ನಂಜಿ, ಇನ್ನೂ ಚಿಕ್ಕವಳು.

ಆ ಸೀಮೆಯಲ್ಲಿ ಒಂದು ಪದ್ಧತಿ ಇತ್ತು. ಯಜಮಾನ ದಾರಿ ಮೇಲಿದ್ದರೆ ಮಧ್ಯಾಹ್ನದ ಊಟಕ್ಕೆ ಅವನ ಮಣೆಯನ್ನೂ ಹಾಕಬೇಕು. ಎಲೆ ಇಟ್ಟು ಬಡಿಸಬೇಕು. ಬಾಗಿಲ ಕಡೆ ಮುಖ ಮಾಡಿ "ಊಟಕ್ಕೆ ಬನ್ನಿ" ಅಂತ ಕರೆಯಬೇಕು. ಆಗ ಹೋದವನಿಗೆ ದಾರಿಯಲ್ಲಿ ಹಸಿವಾಗೋದಿಲ್ಲ ಅನ್ನೋದು ನಂಬಿಕೆ. ಆಮೇಲೆ ಆ ಎಲೆ ಎತ್ತಿ ಹಸುವಿಗೆ ಹಾಕೋದು. ಸಂತೆಗೋ ನೆಂಟರ ಮನೆಗೋ ಹೋಗಿ ಬರೋರಿಗೆ ಮಾಡಿಟ್ಟ ಪದ್ಧತಿ ಅದು. ದ್ಯಾವಮ್ಮ ಪಾಪ ವರ್ಷಗಟ್ಟಲೆ ಮಾಡಿದಳು. ದಿನಾ ಖಾಲಿ ಮಣೆ, ದಿನಾ ತುಂಬಿದ ಎಲೆ, ದಿನಾ ಬಾಗಿಲ ಕಡೆಗೆ ಕರೆ. ಇಷ್ಟು ಕರೆದರೆ ಯಾರಾದರೂ ಬಂದೇ ಬರುತ್ತಾರಲ್ಲವಾ?

ಬಂತು.

ಚೆಲುವಯ್ಯ ಮೂಡಲಿಂದ ಬಂದಾಗ ನಂಜಿ ಹೇಳಿದಳು, "ಅಪ್ಪ, ನಿನ್ನ ಎಲೆಯಲ್ಲಿ ಬಡಿಸಿದ ಮುದ್ದೆ ತಾನೇ ಖಾಲಿ ಆಗುತ್ತೆ."

"ಬೆಕ್ಕು ತಿಂದಿರುತ್ತೆ ಬಿಡು ಮಗಾ," ಅಂತ ಅವನು ನಕ್ಕ. ಮಾರನೇ ದಿನವೇ ತೆಂಕಲಿಗೆ ಹೊರಟ.

ತೆಂಕಲಿಂದ ಬಂದಾಗ ದ್ಯಾವಮ್ಮ ಹೇಳಿದಳು, "ನೀವಿಲ್ಲದಾಗ ನಿಮ್ಮ ಕೆಮ್ಮು ಕೇಳಿಸುತ್ತೆ ಕಣ್ರೀ. ಎಲೆ ಎತ್ತೋಕೆ ಹೋದರೆ ಮಣೆ ಬೆಚ್ಚಗಿರುತ್ತೆ."

ಚೆಲುವಯ್ಯ ಮಣೆ ಮುಟ್ಟಿ ನೋಡಿದ. ಅವನು ಇನ್ನೂ ಅದರ ಮೇಲೆ ಕೂತೇ ಇರಲಿಲ್ಲ. ಮಣೆ ಬೆಚ್ಚಗಿತ್ತು. ಈ ಸಲ ಹೋಗಬಾರದು ಅಂದುಕೊಂಡ. ಅಷ್ಟರಲ್ಲಿ ಅರಮನೆಯಿಂದ ಕರೆ ಬಂತು. ಬಡಗಲ ಸೀಮೆ ರಾಜನಿಗೆ ನೆಗಡಿಯಂತೆ, ವಿಚಾರಿಸಿಕೊಂಡು ಬರಬೇಕಂತೆ. ಹೋದ. ಹೋಗದೆ ಏನು ಮಾಡ್ತಾನೆ?

ಬಡಗಲಿಂದ ಬಂದಾಗ ನಡುಮಧ್ಯಾಹ್ನ. ಬೀದಿಯಲ್ಲಿ ಒಂದು ನಾಯಿಯೂ ಇಲ್ಲ. ಚೆಲುವಯ್ಯ ಬಾಗಿಲು ತಳ್ಳಿದ. ಒಳಗೆ ಅವನ ಮಣೆಯ ಮೇಲೆ ಅವನೇ ಕೂತು ಊಟ ಮಾಡುತ್ತಿದ್ದ!

ಅದೇ ಮೀಸೆ. ಹುಬ್ಬಿನ ಮೇಲೆ ಅದೇ ಗಾಯದ ಗುರುತು. ಅಂಗಾಲು ಮಾತ್ರ ಹಸುಗೂಸಿನ ಅಂಗಾಲಿನ ಹಾಗೆ ಮೆತ್ತಗೆ, ಕೆಂಪಗೆ. ಅದು ತಲೆ ಎತ್ತಿ ನೋಡಿತು. ರೆಪ್ಪೆ ಬಡಿಯಲಿಲ್ಲ.

"ಯಾರಪ್ಪಾ ನೀನು? ದಾರಿಹೋಕನಾ? ಜಗಲಿ ಮೇಲೆ ಕೂತ್ಕೊ, ಮಿಕ್ಕಿದ್ದು ಕೊಡಿಸ್ತೀನಿ," ಅಂತು.

ಗಂಡ ಬಂದ ಅಂತಲೇ ನಂಬಿ ಬಡಿಸುತ್ತಿದ್ದ ದ್ಯಾವಮ್ಮನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಒಳಗೊಬ್ಬ ಗಂಡ, ಹೊರಗೊಬ್ಬ ಗಂಡ. ಅವಳು ಗೋಡೆಗೆ ಒರಗಿ ನಿಂತು ಕೇಳಿದಳು, "ನಮ್ಮ ಹಸು ಈ ಸಲ ಏನು ಕರು ಹಾಕಿತು?"

ಚೆಲುವಯ್ಯನಿಗೆ ಗೊತ್ತಿರಲಿಲ್ಲ. "ಹೆಣ್ಣುಗರು. ಹಣೆ ಮೇಲೆ ಬಿಳಿ ಮಚ್ಚೆ," ಅಂತು ಅದು.

"ಹಿತ್ತಲ ಗೋಡೆ ಯಾವ ಕಡೆ ಬಿತ್ತು?"

ಗೋಡೆ ಬಿದ್ದಿದ್ದೇ ಚೆಲುವಯ್ಯನಿಗೆ ಗೊತ್ತಿರಲಿಲ್ಲ. "ಬಾವಿ ಕಡೆ," ಅಂತು ಅದು.

"ನಂಜಿಗೆ ಜ್ವರ ಬಂದಾಗ ಕನವರಿಸಿಕೊಂಡು ಯಾರನ್ನ ಕರೀತಿದ್ದಳು?"

"ಅಪ್ಪನ್ನ," ಅಂತು ಅದು. "ನಾನು ಪಕ್ಕದಲ್ಲೇ ಕೂತಿದ್ದೆನಲ್ಲ."

ಮಗಳಿಗೆ ಜ್ವರ ಬಂದಿದ್ದ ಸುದ್ದಿ ಚೆಲುವಯ್ಯನಿಗೆ ಗೊತ್ತಾಗಿದ್ದೇ ಆಗ. ನಂಜಿ ಕಂಬದ ಹಿಂದೆ ನಿಂತು ಇಬ್ಬರನ್ನೂ ನೋಡಿದಳು. ಇಬ್ಬರ ಹತ್ತಿರವೂ ಬರಲಿಲ್ಲ.

"ನೀವು ಯಾರೋ ನಾ ಕಾಣೆ," ಅಂದಳು ದ್ಯಾವಮ್ಮ, ಅಳುತ್ತಾ. "ಈ ಮನೇಲಿ ಆಗಿದ್ದು ಒಂದೂ ನಿಮಗೆ ಗೊತ್ತಿಲ್ಲ." ಬಾಗಿಲು ಹಾಕಿಕೊಂಡಳು. ಅವಳನ್ನು ಬೈಯಬೇಡಿ. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಚೆಲುವಯ್ಯ ಅರಮನೆ ಬಾಗಿಲ ಬಳಿ ಬಂದು ಕುಸಿದು ಕೂತ. ಅಲ್ಲಿ ಸಿದ್ಧಜ್ಜ ಅನ್ನೋ ಮುದುಕ ಗಳಿಗೆ ಬಟ್ಟಲು ಕಾಯುತ್ತಿದ್ದ. ತಳದಲ್ಲಿ ಸಣ್ಣ ತೂತಿರೋ ತಾಮ್ರದ ಬಟ್ಟಲನ್ನು ಕೊಪ್ಪರಿಗೆ ನೀರಿನಲ್ಲಿ ತೇಲಿಬಿಡೋದು, ಅದು ತುಂಬಿ ಮುಳುಗಿದಾಗ ಜಾಗಟೆ ಬಾರಿಸಿ ಊರಿಗೆಲ್ಲ ಹೊತ್ತು ತಿಳಿಸೋದು, ಇದೇ ಅವನ ಕೆಲಸ. ಚೆಲುವಯ್ಯ ನಡೆದಿದ್ದನ್ನೆಲ್ಲ ಹೇಳಿಕೊಂಡು ಅತ್ತ.

"ಅಜ್ಜಾ, ಇನ್ನು ಸ್ವಲ್ಪ ದಿನ ಹೋದರೆ ನನ್ನ ಮಗಳು ಅದನ್ನೇ ಅಪ್ಪ ಅಂತಾಳೆ. ನಾನು ಬದುಕಿದ್ದೂ ಇಲ್ಲದ ಹಾಗೆ."

ಸಿದ್ಧಜ್ಜ ನೀರಿನಿಂದ ಕಣ್ಣು ತೆಗೆಯಲಿಲ್ಲ. "ಅಂಥವಕ್ಕೆ ಮುಖ ಇಲ್ಲ, ಮನೆ ಇಲ್ಲ ಕಣೋ. ಖಾಲಿ ಜಾಗ ಹುಡುಕ್ಕೊಂಡು ತಿರುಗ್ತಾವೆ. ಹೊಡೆದು ಓಡಿಸೋಕೆ ಆಗಲ್ಲ, ಕರೆಸ್ಕೊಂಡು ಬಂದಿರ್ತಾವಲ್ಲ. ಆದರೆ ಒಂದು ಕಟ್ಟು ಇದೆ. ಯಾರ ಹೆಸರಲ್ಲಿ ಅನ್ನ ತಿಂದವೋ ಅವರ ಕೆಲಸಾನೂ ಮಾಡಬೇಕು. ತಾವೇ ಅವರು ಅಂತ ಮೂರು ಸಲ ತಮ್ಮ ಬಾಯಿಂದ ಒಪ್ಪಿಕೊಂಡರೆ ತಪ್ಪಿಸಿಕೊಳ್ಳೋಕೆ ಆಗಲ್ಲ. ಇನ್ನು ನನ್ನ ವಿಷಯ. ಕಣ್ಣು ಮಂಜಾಯ್ತು, ಬಟ್ಟಲು ಮುಳುಗಿದ್ದು ಕಾಣಲ್ಲ. ಈ ಜಾಗಕ್ಕೆ ಒಬ್ಬ ಬೇಕು."

ಚೆಲುವಯ್ಯ ಎದ್ದು ಸೀದಾ ರಾಜನ ಮುಂದೆ ಹೋಗಿ ಕೈಮುಗಿದ.

"ಬುದ್ಧೀ, ನನಗೆ ಹರಿಕಾರನ ಕೆಲಸ ಸಾಕು. ಗಳಿಗೆ ಬಟ್ಟಲ ಕೆಲಸ ಕೊಡಿ."

ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನೋ, ತಲೆ ನರೆತ ಮೇಲೆ ಹೊಸ ಕಸುಬಾ? ನಿನಗೆ ಕೂತು ಅಭ್ಯಾಸವೇ ಇಲ್ಲವಲ್ಲೋ."

"ಕಲೀತೀನಿ ಬುದ್ಧೀ."

"ಕಲಿ. ಆದರೆ ನನಗೆ ಹರಿಕಾರ ಬೇಕಲ್ಲ?"

"ಇದ್ದಾನೆ ಬುದ್ಧೀ. ನಮ್ಮನೇಲೇ ಊಟ ಮಾಡ್ತಾ ಕೂತಿದ್ದಾನೆ. ನಾಳೆ ಮಧ್ಯಾಹ್ನ ಚಾವಡಿ ಕಾವಲುಗಾರನ್ನ ಕಳಿಸಿಕೊಡಿ. ಹೊಸ ಹರಿಕಾರನ ಕೈಗೆ ನಾನು ಹಿಡಿಯೋ ಈ ಕೋಲು ಕೊಟ್ಟು ಒಂದು ಕೆಲಸ ಹೇಳಬೇಕು." ಏನು ಕೆಲಸ ಅಂತ ರಾಜನ ಹತ್ತಿರ ಬಂದು ಮೆಲ್ಲಗೆ ಹೇಳಿದ. ರಾಜನಿಗೆ ಇಂಥ ಆಟಗಳು ಅಂದರೆ ಪ್ರೀತಿ. ಒಪ್ಪಿದ.

ಮಾರನೇ ದಿನ ನಡುಮಧ್ಯಾಹ್ನ. ಕಾವಲುಗಾರ ಬಂದು ಬಾಗಿಲು ತಟ್ಟಿದ. ಚೆಲುವಯ್ಯ ಅವನ ಹಿಂದೆ ಬೀದಿಯಲ್ಲಿ ನಿಂತ. ಅಕ್ಕಪಕ್ಕದವರೆಲ್ಲ ಜಗಲಿಗೆ ಬಂದರು. ಒಳಗಿನದು ಬಾಯಿ ಒರೆಸಿಕೊಳ್ಳುತ್ತಾ ಹೊಸ್ತಿಲಿಗೆ ಬಂತು.

"ಯಾರು ನೀನು?" ಅಂದ ಕಾವಲುಗಾರ.

ಅದು ಚೆಲುವಯ್ಯನ ಕಡೆ ನೋಡಿ ಹಲ್ಲು ಬಿಟ್ಟಿತು. "ಹರಿಕಾರ ಚೆಲುವಯ್ಯ."

"ಇನ್ನೊಂದು ಸಲ ಹೇಳು, ಊರವರು ಕೇಳಲಿ."

"ಹರಿಕಾರ ಚೆಲುವಯ್ಯ ಅಂದೆನಲ್ಲ!"

"ನನ್ನ ಹಿಂದೆ ನಿಂತಿದಾನಲ್ಲ, ಅವನು ಯಾರು ಹಂಗಾದ್ರೆ?"

"ಅವನು ಯಾರೋ ತಿರುಕ. ಈ ಸೀಮೆಗೆ ಒಬ್ಬನೇ ಹರಿಕಾರ. ಅವನು ನಾನು," ಅಂತು.

ಮೂರಾಯಿತು. ಆಗ ಚೆಲುವಯ್ಯ ಬಾಯಿ ಬಿಟ್ಟ. "ನಿಜ ಕಣಪ್ಪಾ. ನಾನು ಹರಿಕಾರ ಅಲ್ಲ. ನಿನ್ನೆಯಿಂದ ಅರಮನೆ ಬಾಗಿಲಲ್ಲಿ ಜಾಗಟೆ ಬಾರಿಸೋನು."

ಕಾವಲುಗಾರ ಹರಿಕಾರನ ಕೋಲನ್ನು ಮುಂದೆ ಚಾಚಿದ. "ರಾಜರ ಅಪ್ಪಣೆ. ಈ ದಾರಿ ಎಲ್ಲಿ ಮುಗಿಯುತ್ತೆ ಅಂತ ನೋಡಿಕೊಂಡು ಬಂದು ಹೇಳಬೇಕು. ಈಗಲೇ ಹೊರಡು."

ಅದರ ಮುಖ ಬಿಳಿಚಿತು. ಕೈ ಹಿಂದಕ್ಕೆ ಎಳೆದುಕೊಳ್ಳೋಕೆ ನೋಡಿತು, ಕೈ ತಾನಾಗಿ ಕೋಲನ್ನು ಹಿಡಿಯಿತು. ಬಾಗಿಲ ಚೌಕಟ್ಟನ್ನು ತಬ್ಬಿಕೊಳ್ಳೋಕೆ ನೋಡಿತು, ಕಾಲು ತಾನಾಗಿ ಬೀದಿಗೆ ಇಳಿಯಿತು. ಸುಡೋ ಮಣ್ಣಿಗೆ ಮೆತ್ತನೆ ಅಂಗಾಲು ತಾಗಿದಾಗ ಒಂದು ಸಲ ಕೂಗಿತು. ಮನುಷ್ಯರ ಕೂಗು ಅಲ್ಲ ಅದು. ನಂಜಿ ಕಿವಿ ಮುಚ್ಚಿಕೊಂಡಳು. ಓಡಿತು, ಓಡಿತು, ಊರ ಬಾಗಿಲು ದಾಟಿ ಓಡಿತು. ಬೀದಿಯ ಧೂಳಿನಲ್ಲಿ ಅದರ ಹೆಜ್ಜೆ ಒಂದೂ ಮೂಡಿರಲಿಲ್ಲ.

ಈಗಲೂ ನಡುಮಧ್ಯಾಹ್ನ ಒಂಟಿಯಾಗಿ ಹೋಗೋರನ್ನು ಕೋಲು ಹಿಡಿದವನೊಬ್ಬ ತಡೆದು "ಈ ದಾರಿ ಎಲ್ಲಿ ಮುಗಿಯುತ್ತೆ?" ಅಂತ ಕೇಳ್ತಾನಂತೆ. ಉತ್ತರ ಕೊಡಬೇಡಿ. ಸುಮ್ಮನೆ ಮನೆ ಕಡೆ ನಡೀರಿ.

ಚೆಲುವಯ್ಯ ಏನಾದ ಅಂತೀರಾ? ಹೊಸ ಕೆಲಸ ಸುಲಭಕ್ಕೆ ಬರಲಿಲ್ಲ. ಕೂತಲ್ಲೇ ಕಾಲು ಓಡುತ್ತಿತ್ತು. ಮೊದಮೊದಲು ಬಟ್ಟಲು ಮುಳುಗುವ ಮೊದಲೇ ಜಾಗಟೆ ಬಾರಿಸಿ, ಊರಿಗೆ ಊರೇ ಅನ್ನ ಬೇಯುವ ಮುಂಚೆ ಊಟಕ್ಕೆ ಕೂತು ಅವನನ್ನು ಬೈಯಿತು. ಬೈಸಿಕೊಂಡು ಕಲಿತ. ದ್ಯಾವಮ್ಮ ಬೇಗ ಸಮಾಧಾನವಾದಳು. ನಂಜಿ ಆಗಲಿಲ್ಲ. ಅಪ್ಪ ಬಾಗಿಲಿಗೆ ಬಂದರೆ ದೂರ ನಿಂತು ಮುಖವನ್ನೇ ನೋಡುತ್ತಿದ್ದಳು, ಇವನು ಅಪ್ಪನಾ, ಅದಾ ಅಂತ. ಚೆಲುವಯ್ಯ ದಿನಾ ಬಂದ. ಮತ್ತೆ ಬಂದ. ಮತ್ತೆ ಮತ್ತೆ ಬಂದ. ಒಂದು ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳಾಗಿಯೇ ಬಂದು ಅವನ ತೊಡೆ ಮೇಲೆ ಕೂತಳು. ಅವನು ಉಣ್ಣೋದನ್ನೇ ಮರೆತು ಅತ್ತುಬಿಟ್ಟ.

ಇದರ ನೀತಿ ಇಷ್ಟೇ. ರಾಜನಿಗೆ ಓಡೋಕೆ ನೀನಲ್ಲದಿದ್ದರೆ ಇನ್ನೊಬ್ಬ ಸಿಗುತ್ತಾನೆ. ಮನೆಯವರಿಗೆ ಇನ್ನೊಬ್ಬ ಸಿಗುವ ಹಾಗೆ ಮಾಡಬೇಡ. ವಯಸ್ಸಾಯಿತು ಅಂತ ಅಂಜದೆ ಕೆಲಸವನ್ನಾದರೂ ಬದಲಾಯಿಸು, ನಿನ್ನ ಜಾಗದಲ್ಲಿ ನೀನೇ ಕೂತುಕೋ.

ಕಥೆ ಹೇಳಿ ನನ್ನ ಗಂಟಲು ಒಣಗಿತು. ಏಳಿ, ನಿಮ್ಮ ನಿಮ್ಮ ಅಪ್ಪಂದಿರು ಬಂದಿದ್ದಾರಾ ನೋಡಿ ಹೋಗಿ.